ಕೆರೆಯ ಹಿಂದಿನ ಹಡ್ಲು ಯಾವ ಪಟ್ಟಿಗೆ ಸೇರುತ್ತದೆ? ಆಲೂರು, ಮೂಡಿಗೆರೆ, ಕಡೂರು ಕಡೆಯವರು ದಯವಿಟ್ಟು ಓದಿ

ಕೋಡಿಹಳ್ಳದವ (ಆಲೂರು)

ನಮ್ಮೂರಿನ ಕೆರೆ ದೊಡ್ಡದೇನಲ್ಲ. ತುಂಬಿದಾಗ ನಾಲ್ಕು ಎಕರೆ ನೀರು, ಯುಗಾದಿ ಹೊತ್ತಿಗೆ ಅರ್ಧಕ್ಕರ್ಧ ಒಣಗಿರುತ್ತದೆ. ನೀರು ಬಂದು ಸೇರುವ ಕಡೆ ಏಳೆಂಟು ಎಕರೆ ಹಡ್ಲು ಇದೆ. ಹಿಂದೆ ಗದ್ದೆಯಾಗಿದ್ದ ಜಾಗ; ಆಳು ಸಿಗದೆ ಪಾಳು ಬಿಟ್ಟ ಮೇಲೆ ಜೊಂಡು, ಕೆಸವು, ಮುಂಡಿಗೆ ಬೆಳೆದಿವೆ. ದನ ಇಳಿದರೆ ಹೊಟ್ಟೆಯವರೆಗೆ ಹೂತುಕೊಳ್ಳುತ್ತದೆ.

ಈಗ ಕೆರೆ ಅಭಿವೃದ್ಧಿಯ ಯೋಜನೆ ಬಂದಿದೆ. ಸುತ್ತ ಕಲ್ಲು ಕಟ್ಟುವುದು, ನಡೆದಾಡಲು ಸಿಮೆಂಟ್ ಹಾದಿ, ಹಡ್ಲಿಗೆ ಮಣ್ಣು ತುಂಬಿ ಉದ್ಯಾನ. ಮಣ್ಣು ತುಂಬುವುದು ಬೇಡ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಿದೆ. ಬಂದಿದ್ದ ಅಧಿಕಾರಿ ನಯವಾಗಿಯೇ ಮಾತನಾಡಿದರು: "ಇದು ಜೌಗು ಪ್ರದೇಶದ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಆ ಕಾನೂನು ಇಲ್ಲಿಗೆ ಬರುವುದಿಲ್ಲ." ಯಾವ ಪಟ್ಟಿ ಎಂದು ಕೇಳಿದೆ. ಅವರ ಬಳಿಯೂ ಇರಲಿಲ್ಲ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಈ ಪಟ್ಟಿ ಮಾಡುವವರು ಯಾರು? ಯಾವ ಅಳತೆಗೋಲು ಹಿಡಿದು ಮಾಡುತ್ತಾರೆ? ಕಾಲು ಹಾಕಿದರೆ ಮೊಣಕಾಲು ಮುಳುಗುವ ಜಾಗ ಜೌಗು ಅಲ್ಲ ಎಂದರೆ ಇನ್ನು ಯಾವುದು ಜೌಗು?

ನಕ್ಷೆಮೇಷ್ಟ್ರು (ಹಾಸನ)

ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು ನಾನು, ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ದೇಶದ ಮಟ್ಟದಲ್ಲಿ ಎಲ್ಲರೂ ಬೆರಳು ತೋರಿಸುವುದು ಜೌಗು ಪ್ರದೇಶಗಳ ರಾಷ್ಟ್ರೀಯ ಅಟ್ಲಾಸಿನ ಕಡೆಗೆ. ಅದನ್ನು ಮಾಡಿದ್ದು ಅಹಮದಾಬಾದಿನಲ್ಲಿರುವ ಇಸ್ರೋದ ಬಾಹ್ಯಾಕಾಶ ಉಪಯೋಗ ಕೇಂದ್ರ. 2011ರಲ್ಲಿ ಹೊರಬಂದ ಆವೃತ್ತಿಯಲ್ಲಿ ಗಡಿ ಎಳೆದು ಗುರುತಿಸಿದ ಜೌಗು ಪ್ರದೇಶಗಳು 2,01,503. ಇವಲ್ಲದೆ 5,55,557 ಚಿಕ್ಕ ಜಾಗಗಳಿಗೆ ಬರೀ ಚುಕ್ಕೆ ಇಟ್ಟಿದ್ದಾರೆ. ಗಡಿ ಸಿಗಬೇಕಾದರೆ ಜಾಗ 2.25 ಹೆಕ್ಟೇರಿಗಿಂತ ದೊಡ್ಡದಾಗಿರಬೇಕು.

ಈ 2.25 ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಕಪ್ಪೆಗೋ ಹಕ್ಕಿಗೋ ಸಂಬಂಧಿಸಿದ ಏನೋ ಕಾರಣ ಇರಬೇಕು ಎನ್ನುತ್ತಾರೆ. ಕಾಗದದ ಮೇಲೆ ಲೆಕ್ಕ ಮಾಡಿ ನೋಡಿ. ನಕ್ಷೆಯ ಪ್ರಮಾಣ 1:50,000. ಅದರಲ್ಲಿ ಮೂರು ಮಿಲಿಮೀಟರ್ ಎಂದರೆ ನೆಲದ ಮೇಲೆ 150 ಮೀಟರ್. ಮೂರಕ್ಕೆ ಮೂರು ಮಿಲಿಮೀಟರಿನ ಚೌಕ ಎಂದರೆ 22,500 ಚದರ ಮೀಟರ್, ಅಂದರೆ 2.25 ಹೆಕ್ಟೇರ್. ಅದಕ್ಕಿಂತ ಚಿಕ್ಕದನ್ನು ಆ ನಕ್ಷೆಯಲ್ಲಿ ಅಚ್ಚುಕಟ್ಟಾಗಿ ಬಿಡಿಸಲು ಬರುವುದಿಲ್ಲ, ಅಷ್ಟೇ. ನಮ್ಮ ಲೆಕ್ಕದಲ್ಲಿ ಅದು ಐದೂವರೆ ಎಕರೆಗೆ ಒಂದೆರಡು ಗುಂಟೆ ಜಾಸ್ತಿ. ನಿಮ್ಮ ಕೆರೆ ನಾಲ್ಕು ಎಕರೆ. ಚುಕ್ಕೆಯಾಗಿರಬಹುದು, ಗಡಿಯಂತೂ ಸಿಕ್ಕಿರುವುದಿಲ್ಲ.

ಇನ್ನು ಹಡ್ಲು. ಆ ಅಟ್ಲಾಸಿಗೆ ಬಳಸಿದ ಉಪಗ್ರಹ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 23.5 ಮೀಟರ್ ಅಗಲ, ಅಷ್ಟೇ ಉದ್ದ. ಮಳೆಗಾಲಕ್ಕೆ ಮುಂಚೆ ಒಂದು, ಮಳೆಗಾಲದ ನಂತರ ಒಂದು ಚಿತ್ರ ನೋಡಿ ನೀರಿನ ಹರವನ್ನು ಗುರುತಿಸುತ್ತಾರೆ. ಬಯಲಿನ ಕೆರೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬಿಸಿಲಿಗೆ ಹೊಳೆಯುವ ನೀರು ಸಿಗುತ್ತದೆ. ಆಲೂರು, ಸಕಲೇಶಪುರ, ಮೂಡಿಗೆರೆಯ ಹಡ್ಲಿನಲ್ಲಿ ನೀರು ಹುಲ್ಲಿನ ಬುಡದಲ್ಲಿ ಇರುತ್ತದೆ. ಎರಡೂ ಕಡೆ ಕಾಫಿ ತೋಟದ ನೆರಳು, ನಡುವೆ ಅರವತ್ತು ಎಪ್ಪತ್ತು ಮೀಟರ್ ಅಗಲದ ಕಣಿವೆ. ಮೇಲಿನಿಂದ ನೋಡಿದರೆ ಹಸಿರು, ಅದರ ಪಕ್ಕ ಇನ್ನೊಂದು ಹಸಿರು.

ಅಟ್ಲಾಸಿನ ವಿಂಗಡಣೆಯನ್ನೂ ಹೇಳಿಬಿಡುತ್ತೇನೆ. ಮೊದಲು ಒಳನಾಡು, ಕರಾವಳಿ ಎಂದು ಎರಡು ಭಾಗ. ಆಮೇಲೆ ನೈಸರ್ಗಿಕ, ಮಾನವ ನಿರ್ಮಿತ. ಅದರ ಕೆಳಗೆ ಸರೋವರ, ನದಿ, ಜಲಾಶಯ, ಕೆರೆಕಟ್ಟೆ, ನೀರು ನಿಂತ ನೆಲ ಎಂದು ಒಟ್ಟು 19 ಬಗೆ. ನಿಮ್ಮ ಕೆರೆ 'ಮಾನವ ನಿರ್ಮಿತ ಕೆರೆಕಟ್ಟೆ' ಎಂಬ ಗೂಡಿಗೆ ಹೋಗುತ್ತದೆ. ಹಡ್ಲು ಸಿಕ್ಕಿದ್ದರೆ 'ನೀರು ನಿಂತ ನೆಲ'ಕ್ಕೆ ಹೋಗಬೇಕು. ಒಂದೇ ನೀರು, ಎರಡು ಗೂಡು. ಎರಡನ್ನೂ ಸೇರಿಸಿ ಅಳೆದರೆ ಹನ್ನೆರಡು ಎಕರೆಯ ಹತ್ತಿರ ಬರುತ್ತದೆ, ಸಲೀಸಾಗಿ ಪಟ್ಟಿಗೆ ಸೇರುತ್ತಿತ್ತು. ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಬೀರೂರು ಕಡೆಯವ

ಮೇಷ್ಟ್ರೇ, ಕೇಂದ್ರದ ಜಲಶಕ್ತಿ ಸಚಿವಾಲಯ 2023ರಲ್ಲಿ ಜಲಮೂಲಗಳ ಮೊದಲ ಗಣತಿ ಎಂದು ಪ್ರಕಟಿಸಿತಲ್ಲ, ಅದರಲ್ಲಿ 24,24,540 ಇವೆ. ನಿಮ್ಮ ಅಟ್ಲಾಸಿನಲ್ಲಿ ಎರಡು ಲಕ್ಷ ಚಿಲ್ಲರೆ. ಒಂದೇ ದೇಶ, ಒಂದೇ ಸರ್ಕಾರ. ಅಮೃತ ಸರೋವರ ಯೋಜನೆಗೆ ಒಂದು ಎಕರೆ ಇದ್ದರೆ ಸಾಕು, ಕಲ್ಲು ನೆಡುತ್ತಾರೆ, ಧ್ವಜ ಹಾರಿಸುತ್ತಾರೆ. ಖರ್ಚು ಮಾಡುವಾಗ ಒಂದು ಎಕರೆಯೂ ಕೆರೆ, ಕಾಪಾಡುವಾಗ ಐದು ಎಕರೆಯೂ ಕೆರೆಯಲ್ಲ. ಚೆನ್ನಾಗಿದೆ.

ನಕ್ಷೆಮೇಷ್ಟ್ರು (ಹಾಸನ)

ಗಣತಿಯವರು ಎಣಿಸಿದ್ದು ನೀರು ಸಂಗ್ರಹಿಸುವ ರಚನೆಗಳನ್ನು. ಕೃಷಿ ಹೊಂಡ, ಕಲ್ಯಾಣಿ, ಚೆಕ್ ಡ್ಯಾಂ ಎಲ್ಲವೂ ಸೇರಿವೆ, ಊರೂರಿಗೆ ಹೋಗಿ ಎಣಿಸಿದ್ದಾರೆ. ಅಟ್ಲಾಸಿನವರು ನೋಡಿದ್ದು ಮೇಲಿನಿಂದ. ಉದ್ದೇಶವೇ ಬೇರೆ, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಅಟ್ಲಾಸಿನ ಹೊಸ ಆವೃತ್ತಿಯಲ್ಲಿ 2.25 ಹೆಕ್ಟೇರ್ ಮೀರಿದವು 2,31,195 ಆಗಿವೆ. ಆದರೂ ನಿಮ್ಮ ಕೊನೆಯ ಮಾತಿಗೆ ನನ್ನ ತಕರಾರಿಲ್ಲ.

ಸರಪಣಿ (ನಿವೃತ್ತ ಭೂಮಾಪಕ, ಅರಸೀಕೆರೆ)

ಉಪಗ್ರಹ, ಅಟ್ಲಾಸು ಎಲ್ಲ ಇರಲಿ. ಮೊದಲು ಪಹಣಿ ತೆಗೆಯಿರಿ.

ಕಂದಾಯ ಇಲಾಖೆಯ ಕಣ್ಣಿಗೆ ಭೂಮಿ ಎಂದರೆ ಖುಷ್ಕಿ (ಮಳೆಯಾಶ್ರಿತ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ). ಸಾಗುವಳಿಗೆ ಬಾರದ್ದು ಖರಾಬು. ಖರಾಬಿನಲ್ಲಿ ಎರಡು ಬಗೆ: 'ಎ' ಎಂದರೆ ಬಂಡೆ, ಕೊರಕಲು, ಉಳಲು ಆಗದ್ದು; 'ಬಿ' ಎಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದದ್ದು. ಜೌಗು ಎಂಬ ಅಂಕಣವೇ ಇಲ್ಲ. ನೂರು ವರ್ಷದ ಹಿಂದೆ ಕಂದಾಯ ಕಟ್ಟಲು ಬರುತ್ತದೆಯೇ ಇಲ್ಲವೇ ಎಂದು ಮಾಡಿದ ವಿಂಗಡಣೆ ಅದು, ಅದನ್ನೇ ಇಟ್ಟುಕೊಂಡು ಕಪ್ಪೆ ಕಾಪಾಡಲು ಹೊರಟಿದ್ದೇವೆ.

ನಿಮ್ಮ ಹಡ್ಲು ನಾಲ್ಕು ರೀತಿಯಲ್ಲಿ ಇರಬಹುದು. ಕೆರೆಯ ಸರ್ವೆ ನಂಬರಿನೊಳಗೇ ಇರಬಹುದು, ಬಿ ಖರಾಬು ಇರಬಹುದು, ಗೋಮಾಳ ಇರಬಹುದು, ಯಾರದೋ ಹೆಸರಿನಲ್ಲಿ ತರಿ ಜಮೀನಾಗಿ ಇರಬಹುದು. ಗದ್ದೆಯಾಗಿತ್ತು ಎನ್ನುತ್ತೀರಿ, ಹಾಗಾದರೆ ಕೊನೆಯದರ ಸಾಧ್ಯತೆ ಹೆಚ್ಚು. ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆ), ಮೂಲ ಟಿಪ್ಪಣಿ (ಮೊದಲ ಅಳತೆಯ ನಕಾಶೆ), ಈ ಮೂರನ್ನೂ ತಾಲ್ಲೂಕು ಸರ್ವೆ ಕಚೇರಿಯಿಂದ ದೃಢೀಕೃತ ನಕಲು ಮಾಡಿಸಿಕೊಳ್ಳಿ. ನಮ್ಮ ಕಡೆ ಎಷ್ಟೋ ಕೆರೆಗಳಿಗೆ ಆಕಾರಬಂದಿನಲ್ಲಿ ಒಂದು ವಿಸ್ತೀರ್ಣ, ಸ್ಥಳದಲ್ಲಿ ಒಂದು ವಿಸ್ತೀರ್ಣ. ನಡುವಿನ ವ್ಯತ್ಯಾಸದಲ್ಲಿ ಯಾರದೋ ಅಡಿಕೆ ಸಸಿ ನಿಂತಿರುತ್ತದೆ, ಜೊತೆಗೆ ಅದನ್ನು ಸಕ್ರಮ ಮಾಡಿಕೊಡಿ ಎಂಬ ನಮೂನೆ 57ರ ಅರ್ಜಿಯ ರಸೀದಿ.

ಹಕ್ಕಿಲೆಕ್ಕ (ಚಿಕ್ಕಮಗಳೂರು)

ಪಟ್ಟಿ ಎಂದರೆ ರಾಮ್ಸಾರ್ ಪಟ್ಟಿ ಇರಬಹುದೇ ಎಂಬ ಅನುಮಾನ ಬಂತು, ಅದರ ಬಗ್ಗೆ ಬರೆಯುತ್ತೇನೆ.

ಇರಾನಿನ ರಾಮ್ಸಾರ್ ಊರಿನಲ್ಲಿ 1971ರ ಫೆಬ್ರವರಿ 2ರಂದು ಆದ ಒಪ್ಪಂದ. ಭಾರತ ಸೇರಿದ್ದು 1982ರಲ್ಲಿ. ಅಲ್ಲಿ ವ್ಯಾಖ್ಯಾನ ತುಂಬ ಉದಾರ: ನೈಸರ್ಗಿಕವೋ ಕೃತಕವೋ, ಶಾಶ್ವತವೋ ತಾತ್ಕಾಲಿಕವೋ, ನಿಂತ ನೀರೋ ಹರಿವ ನೀರೋ, ಸಿಹಿಯೋ ಉಪ್ಪೋ, ಎಲ್ಲವೂ ಒಳಗೆ. ಸಮುದ್ರದಲ್ಲಿ ಇಳಿತದ ಹೊತ್ತಿಗೆ ಆರು ಮೀಟರ್ ಆಳದವರೆಗೂ ಸೇರುತ್ತದೆ. ಆದರೆ ಅಂತರರಾಷ್ಟ್ರೀಯ ಮಹತ್ವದ ಪಟ್ಟಿಗೆ ಹೋಗಬೇಕಾದರೆ ಒಂಬತ್ತು ಮಾನದಂಡಗಳಲ್ಲಿ ಒಂದಾದರೂ ಹೊಂದಬೇಕು. ನಮ್ಮಂತಹ ಹಕ್ಕಿ ನೋಡುವವರ ಬಾಯಲ್ಲಿ ಸದಾ ಇರುವುದು ಐದು ಮತ್ತು ಆರು: ನಿಯಮಿತವಾಗಿ 20,000 ನೀರುಹಕ್ಕಿ ಬರಬೇಕು, ಇಲ್ಲವೇ ಒಂದು ಪ್ರಭೇದದ ಒಟ್ಟು ಸಂಖ್ಯೆಯ ಶೇಕಡಾ 1ರಷ್ಟಾದರೂ ಅಲ್ಲಿರಬೇಕು.

ಕರ್ನಾಟಕದಲ್ಲಿ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಸೇರಿದವು; ಆಗ ದೇಶದ ಒಟ್ಟು ಸಂಖ್ಯೆ 80 ಮುಟ್ಟಿತು. ನಮ್ಮ ಎರಡು ಜಿಲ್ಲೆಯಿಂದ ಇಲ್ಲಿಯವರೆಗೆ ಒಂದೂ ಹೋದದ್ದನ್ನು ನಾನು ಕಂಡಿಲ್ಲ. ಅಯ್ಯನಕೆರೆ, ಮದಗದಕೆರೆ, ಹಳೇಬೀಡಿನ ದ್ವಾರಸಮುದ್ರ, ಬೇಲೂರಿನ ವಿಷ್ಣುಸಮುದ್ರ, ಹೇಮಾವತಿ ಹಿನ್ನೀರು, ಯಗಚಿ, ಭದ್ರೆಯ ಹಿನ್ನೀರಿನ ದ್ವೀಪಗಳಲ್ಲಿ ಗೂಡು ಕಟ್ಟುವ ರಿವರ್ ಟರ್ನ್ ಹಕ್ಕಿಗಳು, ಇಷ್ಟೆಲ್ಲ ಇಟ್ಟುಕೊಂಡು.

ಇಲ್ಲಿ ಒಂದನ್ನು ಗಮನಿಸಿ. ಗದಗ ಜಿಲ್ಲೆಯ ಮಾಗಡಿ ಕೆರೆ ನೀರಾವರಿಗೆ ಕಟ್ಟಿದ ಕೆರೆ. ಅಂಕಸಮುದ್ರವೂ ಊರಿನ ನೀರಾವರಿ ಕೆರೆ. ಮಾಗಡಿಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಅವು ಕೆರೆ ಕಟ್ಟಿಸಿದವರ ಉದ್ದೇಶ ವಿಚಾರಿಸಿಕೊಂಡು ಇಳಿಯುವುದಿಲ್ಲ.

ಆಲೂರಿನವರಿಗೆ ಇನ್ನೊಂದು ಮಾತು. ಎಂಟನೆಯ ಮಾನದಂಡ ಹಕ್ಕಿಯದಲ್ಲ, ಮೀನಿನದು. ಮೀನಿಗೆ ಮೇವು ಕೊಡುವ, ಮೊಟ್ಟೆಯಿಡುವ, ಮರಿ ಬೆಳೆಯುವ ಅಥವಾ ಮೀನು ವಲಸೆ ಹೋಗುವ ದಾರಿಯಾಗಿರುವ ಜಾಗ. ಮೃಗಶಿರ ಮಳೆಗೆ ನಿಮ್ಮ ಕಡೆ ಹತ್ತುಮೀನು ಹಿಡಿಯುತ್ತಾರಲ್ಲ, ಹೊಳೆಯಿಂದ ಹಳ್ಳ, ಹಳ್ಳದಿಂದ ಗದ್ದೆ ಬದುವಿನ ತೂತಿನವರೆಗೆ ಹತ್ತಿ ಬರುವ ಮೀನು? ಅವು ಹತ್ತಿ ಬರುವುದು ಮೊಟ್ಟೆಯಿಡುವುದಕ್ಕೆ. ನಿಮ್ಮ ಹಡ್ಲು ಎಂಟನೆಯ ಮಾನದಂಡ ಹೇಳುವ ಕೆಲಸವನ್ನೇ ಮಾಡುತ್ತಿದೆ. ಅದು ಅಂತರರಾಷ್ಟ್ರೀಯ ಪಟ್ಟಿಗೆ ಹೋಗುವುದಿಲ್ಲ, ನಿಜ. ಆದರೆ ಅರ್ಜಿಯಲ್ಲಿ ಬರೆಯಲು ಹಕ್ಕಿಯ ಸಂಖ್ಯೆಗಿಂತ ಅದು ಗಟ್ಟಿ ವಾದ.

ವಕಾಲತ್ತು (ಹಾಸನ)

ಅಧಿಕಾರಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಈಗ ಜಾರಿಯಲ್ಲಿರುವುದು ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು, 2017. ಅದಕ್ಕೆ ಮುಂಚೆ 2010ರ ನಿಯಮ ಇತ್ತು. 2017ರದ್ದು ಎರಡು ಬಗೆಯ ಜಾಗಗಳಿಗೆ ಅನ್ವಯಿಸುತ್ತದೆ: ರಾಮ್ಸಾರ್ ಪಟ್ಟಿಯಲ್ಲಿ ಇರುವವು, ಮತ್ತು ಸರ್ಕಾರ ಅಧಿಸೂಚನೆ ಹೊರಡಿಸಿ ಗುರುತಿಸಿದವು. ಅಟ್ಲಾಸಿನಲ್ಲಿ ಇದ್ದ ಮಾತ್ರಕ್ಕೆ ನಿಯಮ ತಾನಾಗಿ ಬಂದು ಕೂರುವುದಿಲ್ಲ. ರಾಜ್ಯದ ಜೌಗು ಪ್ರದೇಶ ಪ್ರಾಧಿಕಾರ ಶಿಫಾರಸು ಮಾಡಬೇಕು, ಸರ್ಕಾರ ಕರಡು ಹೊರಡಿಸಬೇಕು, 60 ದಿನ ಆಕ್ಷೇಪಣೆ ಕೇಳಬೇಕು, ಆಮೇಲೆ ಅಂತಿಮ ಅಧಿಸೂಚನೆ. ಅರಣ್ಯ, ವನ್ಯಜೀವಿ ಕಾಯ್ದೆಗಳ ವ್ಯಾಪ್ತಿಯಲ್ಲಿ ಇರುವ ಜಾಗಗಳನ್ನು ಹೊರಗಿಟ್ಟಿದ್ದಾರೆ, ಅಲ್ಲಿ ಆಯಾ ಕಾಯ್ದೆಯೇ ನಡೆಯುತ್ತದೆ. ಭದ್ರಾ ಅಭಯಾರಣ್ಯದೊಳಗಿನ ಹಿನ್ನೀರು ಆ ಬಾಬ್ತು.

ತೊಂದರೆ ಇರುವುದು ವ್ಯಾಖ್ಯಾನದ ಬಾಲದಲ್ಲಿ. ರಾಮ್ಸಾರಿನ ಉದಾರ ವಾಕ್ಯವನ್ನೇ ತೆಗೆದುಕೊಂಡು ಕೊನೆಗೆ "ಇವು ಸೇರುವುದಿಲ್ಲ" ಎಂದು ಸೇರಿಸಿದ್ದಾರೆ: ನದಿಯ ಹರಿವು, ಭತ್ತದ ಗದ್ದೆ, ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆಗಳು, ಮೀನು ಸಾಕಣೆ, ಉಪ್ಪು, ಮನರಂಜನೆ, ನೀರಾವರಿ ಇವುಗಳಿಗೆಂದೇ ಕಟ್ಟಿದ ರಚನೆಗಳು. ಈಗ ನಮ್ಮ ಎರಡು ಜಿಲ್ಲೆಯನ್ನು ಈ ಜರಡಿಯಲ್ಲಿ ಹಾಕಿ. ಅಯ್ಯನಕೆರೆ ನೀರಾವರಿ, ಹೊರಗೆ. ಚಿಕ್ಕಮಗಳೂರಿಗೆ ನೀರು ಕೊಡುವ ಹಿರೇಕೊಳಲೆ, ಹೊರಗೆ. ಹೇಮಾವತಿ, ಯಗಚಿ, ವಾಟೆಹೊಳೆ ಜಲಾಶಯಗಳು, ಹೊರಗೆ. ಗದ್ದೆಗಳು, ಹೊರಗೆ. ಹಳೇ ಮೈಸೂರು ಸೀಮೆಯಲ್ಲಿ ನೀರು ನಿಂತ ಜಾಗ ಎಂದರೆ ಯಾರೋ ಏರಿ ಹಾಕಿದ ಜಾಗ. ಏರಿ ಹಾಕದೆ ತಾನಾಗಿ ಹುಟ್ಟಿದ ಸರೋವರವನ್ನು ಇಲ್ಲಿ ದೀಪ ಹಿಡಿದು ಹುಡುಕಬೇಕು. ಒಂದು ಪ್ರದೇಶದ ಇಡೀ ಜಲಚರಿತ್ರೆಯನ್ನೇ ಹೊರಗಿಡುವ ವ್ಯಾಖ್ಯಾನ ಇದು. ಬರೆದವರ ಮನಸ್ಸಿನಲ್ಲಿ ಮಣಿಪುರದ ಲೋಕ್ತಾಕ್, ಒಡಿಶಾದ ಚಿಲಿಕಾದಂತಹ ಸಹಜ ಸರೋವರಗಳು ಇದ್ದಿರಬೇಕು, ನಮ್ಮ ಕೆರೆಗಳು ಇರಲಿಲ್ಲ ಎಂದು ನನ್ನ ಅಭಿಪ್ರಾಯ.

ಆದರೆ "ಎಂದೇ" ಎನ್ನುವುದನ್ನು ಬಿಡಬೇಡಿ. ನಿಯಮದ ಭಾಷೆಯಲ್ಲಿ ನಿರ್ದಿಷ್ಟವಾಗಿ ಆ ಉದ್ದೇಶಕ್ಕೆ ಕಟ್ಟಿದ್ದು ಎಂದಿದೆ. ದನಕ್ಕೆ ನೀರು, ಬಟ್ಟೆ ಒಗೆಯಲು, ಬಾವಿಗಳ ಒರತೆಗೆ, ಅಚ್ಚುಕಟ್ಟಿಗೆ, ಊರಹಬ್ಬಕ್ಕೆ ಎಂದು ಎಲ್ಲಕ್ಕೂ ಒದಗುವ ಕೆರೆ ನೀರಾವರಿಗೆಂದೇ ಕಟ್ಟಿದ್ದು ಹೌದೇ ಎಂದು ವಾದಿಸಲು ಜಾಗವಿದೆ. ಹಡ್ಲನ್ನಂತೂ ಯಾರೂ ಕಟ್ಟಿಲ್ಲ.

ಸುಪ್ರೀಂ ಕೋರ್ಟಿನ ಕಡೆಯಿಂದ ಎರಡು ಆದೇಶ ನೆನಪಿಡಿ. 2017ರ ಫೆಬ್ರವರಿಯಲ್ಲಿ ಎಂ.ಕೆ. ಬಾಲಕೃಷ್ಣನ್ ಪ್ರಕರಣದಲ್ಲಿ, ಅಟ್ಲಾಸಿನ 2,01,503 ಜಾಗಗಳನ್ನೂ 2010ರ ನಿಯಮಗಳ 4ನೆಯದರ (ಏನೇನು ಮಾಡಬಾರದು ಎಂಬ ನಿರ್ಬಂಧಗಳ) ತತ್ವದಂತೆ ಕಾಪಾಡಬೇಕು ಎಂದಿತು. 2024ರ ಡಿಸೆಂಬರಿನಲ್ಲಿ 2,31,195 ಜಾಗಗಳಿಗೂ ಸ್ಥಳಕ್ಕೆ ಹೋಗಿ ಪರಿಶೀಲಿಸಿ ಗಡಿ ಗುರುತಿಸಲು ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು. ಅಂದರೆ ಅಧಿಸೂಚನೆ ಆಗದಿದ್ದರೂ, ಅಟ್ಲಾಸಿನಲ್ಲಿ ಗಡಿ ಸಿಕ್ಕ ಜಾಗಕ್ಕೆ ನ್ಯಾಯಾಲಯದ ರಕ್ಷಣೆ ಉಂಟು. ಮೇಷ್ಟ್ರು ಹೇಳಿದ ಮೂರು ಮಿಲಿಮೀಟರ್ ಕಾನೂನಾಗಿ ಬದಲಾಗುವುದು ಹೀಗೆ.

ಮೂಡಿಗೆರೆ ತೋಟದವ

ಎಲ್ಲರೂ ಓದಿದವರು, ಚೆನ್ನಾಗಿ ಬರೆದಿದ್ದೀರಿ. ನಾನು ಇನ್ನೊಂದು ಪಕ್ಕದಿಂದ ಮಾತನಾಡುತ್ತೇನೆ, ಬೈಯುವವರು ಬೈಯಲಿ.

2013ರಲ್ಲಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿ ಬಂತು. ಅಂದಿನಿಂದ ಕರಡು, ಮತ್ತೊಂದು ಕರಡು. 2024ರ ಜುಲೈಯಲ್ಲಿ ಆರನೆಯ ಕರಡು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ನಮ್ಮ ಊರುಗಳ ಹೆಸರು ಪಟ್ಟಿಯಲ್ಲಿ ಬಂದದ್ದನ್ನು ನಾವು ಪತ್ರಿಕೆಯಲ್ಲಿ ಓದಿ ತಿಳಿದುಕೊಂಡೆವು. ಆ ಪಟ್ಟಿಯನ್ನೂ ಉಪಗ್ರಹ ನೋಡಿಯೇ ಮಾಡಿದ್ದು. ಮೇಷ್ಟ್ರೇ, ನೀವೇ ಹೇಳಿದಿರಿ, ಮೇಲಿನಿಂದ ನೋಡಿದರೆ ಹಸಿರಿನ ಪಕ್ಕ ಹಸಿರು. ನನ್ನ ಕಾಫಿ ತೋಟವೂ ಕಾಡೇ ಅವರ ಕಣ್ಣಿಗೆ.

ಈಗ ಜೌಗು ಎಂದು ಇನ್ನೊಂದು ಪಟ್ಟಿ. ಹಡ್ಲು ಬಹುಪಾಲು ನಮ್ಮಂಥವರ ಪಟ್ಟಾ ಜಮೀನು. ಆಳಿನ ಕೂಲಿ, ಕಾಡುಹಂದಿ, ಆನೆ, ಭತ್ತದ ಬೆಲೆ, ಇವೆಲ್ಲ ಸೇರಿ ಗದ್ದೆ ಬಿಡಿಸಿದವು. ನಾಳೆ ಮಗ ಅಲ್ಲಿ ಕಾಲುವೆ ತೆಗೆದು ಅಡಿಕೆ ಹಾಕುತ್ತೇನೆ ಎಂದರೆ, ಅಪ್ಪ ಬೇಸಾಯ ಬಿಟ್ಟಿದ್ದಕ್ಕೆ ಅದು ಕಪ್ಪೆಯ ಆಸ್ತಿಯಾಯಿತು ಎಂದು ಹೇಳಲೇ? ಭತ್ತದ ಗದ್ದೆಯನ್ನು ನಿಯಮದಿಂದ ಹೊರಗಿಟ್ಟದ್ದು ಒಳ್ಳೆಯದೇ ಆಯಿತು.

ವಕಾಲತ್ತು (ಹಾಸನ)

ಗೌಡರೇ, ಬೈಯುವ ಪ್ರಶ್ನೆಯೇ ಇಲ್ಲ. ಭಯಕ್ಕೆ ಕಾರಣ ಇದೆ. ಆದರೆ ಈ ನಿಯಮ ಏನನ್ನು ತಡೆಯುತ್ತದೆ ಎಂಬುದನ್ನು ಒಮ್ಮೆ ನೋಡಿ: ಜೌಗಲ್ಲದ ಬಳಕೆಗೆ ಬದಲಾಯಿಸುವುದು, ಒತ್ತುವರಿ, ಕೈಗಾರಿಕೆ ಹಾಕುವುದು, ಕಸ ಸುರಿಯುವುದು, ಶುದ್ಧೀಕರಿಸದ ಕೊಳಚೆ ಬಿಡುವುದು, ಬೇಟೆ, ಮತ್ತು ಹತ್ತು ವರ್ಷಗಳಲ್ಲಿ ಕಂಡ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ. ದೋಣಿಕಟ್ಟೆಗೆ ವಿನಾಯಿತಿ ಇದೆ. ಹೂಳೆತ್ತುವುದು, ಮೀನು ಹಿಡಿಯುವುದು, ಹುಲ್ಲು ಕೊಯ್ಯುವುದು, ನೀರು ಬಿಡುವುದು ಈ ಪಟ್ಟಿಯಲ್ಲಿ ಇಲ್ಲ.

ಎರಡನೆಯದು, ಅಧಿಸೂಚನೆಗೆ ಮುಂಚೆ ಪ್ರತಿ ಜಾಗಕ್ಕೂ ಒಂದು ಸಂಕ್ಷಿಪ್ತ ದಾಖಲೆ ತಯಾರಾಗಬೇಕು. ಅದರಲ್ಲಿ ಸ್ಥಳದಲ್ಲೇ ಪರಿಶೀಲಿಸಿದ ಗಡಿಯ ನಕ್ಷೆ, ಆ ಜಾಗದ ಮೇಲೆ ಪ್ರಭಾವ ಬೀರುವ ಸುತ್ತಲಿನ ಪ್ರದೇಶ, ಅಲ್ಲಿನ ಪರಿಸರದ ವಿವರ ಇರಬೇಕು. ಅದರ ಜೊತೆಗೆ ಮೊದಲಿನಿಂದ ಜನರಿಗೆ ಇರುವ ಹಕ್ಕು ಮತ್ತು ಅನುಭೋಗಗಳ ವಿವರ, ಅಲ್ಲಿ ಯಾವ ಕೆಲಸಕ್ಕೆ ಅನುಮತಿ, ಯಾವುದಕ್ಕೆ ನಿಯಂತ್ರಣ ಎಂಬ ಪಟ್ಟಿಯೂ ಇರಬೇಕು. ಕಸ್ತೂರಿರಂಗನ್ ಕರಡಿಗೂ ಇದಕ್ಕೂ ಇಲ್ಲಿ ದೊಡ್ಡ ಅಂತರವಿದೆ. ಇಲ್ಲಿ ಜಾಗ ಜಾಗಕ್ಕೆ ಬೇರೆ ಬೇರೆ ಪಟ್ಟಿ. ಆ ಕಾಗದ ಬರೆಯುವಾಗ ಊರಿನವರು ಪಕ್ಕದಲ್ಲಿ ಕೂತಿದ್ದರೆ ಸರಿ, ಇಲ್ಲದಿದ್ದರೆ ಯಾರೋ ಬರೆದದ್ದನ್ನು ಒಪ್ಪಿಕೊಳ್ಳಬೇಕು. ಪಟ್ಟಾ ಜಮೀನನ್ನು ಗಡಿಯೊಳಗೆ ಎಳೆದರೆ 60 ದಿನದೊಳಗೆ ಆಕ್ಷೇಪಣೆ ಹಾಕಿ, ನಾನೇ ಬರೆದುಕೊಡುತ್ತೇನೆ.

ಮೂಡಿಗೆರೆ ತೋಟದವ

ಕಾಗದದಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ ವಕೀಲರೇ. ಪಕ್ಕದಲ್ಲಿ ಕೂರಲು ನಮ್ಮನ್ನು ಕರೆಯುವವರು ಯಾರು ಎಂಬುದೇ ಪ್ರಶ್ನೆ.

ಹಕ್ಕಿಲೆಕ್ಕ (ಚಿಕ್ಕಮಗಳೂರು)

ಗದ್ದೆಯನ್ನು ಹೊರಗಿಟ್ಟದ್ದು ಒಳ್ಳೆಯದಾಯಿತು ಎಂದಿರಿ ಅಣ್ಣಾ, ಅಲ್ಲಿಗೆ ನನ್ನ ಒಪ್ಪಿಗೆ ಇಲ್ಲ. ರಾಮ್ಸಾರಿನ 42 ಬಗೆಗಳ ವಿಂಗಡಣೆಯಲ್ಲಿ ಭತ್ತದ ಗದ್ದೆಗೆ ಸ್ಥಾನವಿದೆ. 2008ರಲ್ಲಿ ಕೊರಿಯಾದ ಚಾಂಗ್ವಾನ್ ಸಭೆಯಲ್ಲಿ ಗದ್ದೆಯ ಜೀವವೈವಿಧ್ಯದ ಬಗ್ಗೆಯೇ ನಿರ್ಣಯವಾಯಿತು. ಜಪಾನಿನಲ್ಲಿ ಕಬುಕುರಿ-ನುಮಾ ಎಂಬ ಜೌಗನ್ನು ಸುತ್ತಲಿನ ಗದ್ದೆಗಳ ಸಮೇತ 2005ರಲ್ಲಿ ಪಟ್ಟಿಗೆ ಸೇರಿಸಿದರು, ಗದ್ದೆ ಮಾಡುವವರು ಗದ್ದೆ ಮಾಡುತ್ತಲೇ ಇದ್ದಾರೆ. ಪಕ್ಕದ ಕೇರಳದಲ್ಲಿ 2008ರಿಂದ ಭತ್ತದ ಭೂಮಿ ಮತ್ತು ಜೌಗು ಪ್ರದೇಶ ಎರಡಕ್ಕೂ ಸೇರಿ ಒಂದು ಕಾಯ್ದೆ ಇದೆ. ನಮ್ಮಲ್ಲಿ ಗದ್ದೆಗೆ ಯಾವ ಹೆಸರೂ ಇಲ್ಲದ್ದರಿಂದ ಅದನ್ನು ಉಳಿಸಿದವರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಪಟ್ಟಿಗೆ ಸೇರದಿದ್ದರೆ ನಿರ್ಬಂಧ ಇಲ್ಲ, ಸಹಾಯವೂ ಇಲ್ಲ.

ಮೂಡಿಗೆರೆ ತೋಟದವ

ಸಹಾಯ ಮೊದಲು ಬರಲಿ ಮೇಡಂ, ಪಟ್ಟಿ ಆಮೇಲೆ ನೋಡೋಣ. ಕೇರಳದಲ್ಲಿ ಆ ಕಾಯ್ದೆಯ ಮೇಲೆ ರೈತರು ಎಷ್ಟು ಕೋರ್ಟು ಅಲೆದಿದ್ದಾರೆ ಎಂದು ವಯನಾಡಿನ ನಮ್ಮ ನೆಂಟರನ್ನು ಕೇಳಿದ್ದೇನೆ.

ಮಣ್ಣುಮಸಿ (ಸಕಲೇಶಪುರ)

ಎಲ್ಲರೂ ಪಟ್ಟಿಯ ಬಗ್ಗೆ ಮಾತನಾಡಿದಿರಿ. ಜೌಗು ಹೌದೋ ಅಲ್ಲವೋ ಎಂದು ನೆಲವನ್ನೇ ಕೇಳುವ ವಿಧಾನ ಒಂದಿದೆ. ನಾನು ಕೃಷಿ ಓದಿದವನು, ಕೆಲಸದ ಮೇಲೆ ಕೆಲವು ವರ್ಷ ಅಮೆರಿಕದಲ್ಲಿ ಇದ್ದೆ. ಅಲ್ಲಿ ಸೇನೆಯ ಎಂಜಿನಿಯರುಗಳ 1987ರ ಕೈಪಿಡಿ ಇಂದಿಗೂ ನಡೆಯುತ್ತದೆ. ಮೂರು ಪ್ರಶ್ನೆ ಕೇಳುತ್ತಾರೆ: ಇಲ್ಲಿನ ಗಿಡಗಳು ನೀರಿನಲ್ಲಿ ನಿಲ್ಲುವ ಜಾತಿಯವೇ? ಮಣ್ಣು ನೀರಿನಲ್ಲಿ ನೆನೆದು ಬದಲಾಗಿದೆಯೇ? ಬೆಳೆಯುವ ಕಾಲದಲ್ಲಿ ಸಾಕಷ್ಟು ದಿನ ನೀರು ನಿಲ್ಲುತ್ತದೆಯೇ? ಮೂರಕ್ಕೂ ಹೌದು ಎಂದರೆ ಜೌಗು. ಯಾಕೆ ಕಟ್ಟಿದರು, ಯಾರು ಕಟ್ಟಿದರು ಎಂಬುದು ಈ ಪರೀಕ್ಷೆಯಲ್ಲಿ ಬರುವುದಿಲ್ಲ. (ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. 2023ರಲ್ಲಿ ಅವರ ಸುಪ್ರೀಂ ಕೋರ್ಟು, ಹೊಳೆ ಅಥವಾ ಸರೋವರದ ನೀರಿಗೆ ಮೇಲ್ಮೈಯಲ್ಲೇ ನಿರಂತರವಾಗಿ ಕೂಡಿಕೊಂಡಿರದ ಜೌಗುಗಳನ್ನು ಕೇಂದ್ರ ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಿತು.)

ಕೋಡಿಹಳ್ಳದವರೇ, ಒಂದು ಗುದ್ದಲಿ ತೆಗೆದುಕೊಂಡು ಹಡ್ಲಿಗೆ ಹೋಗಿ. ಒಂದು ಅಡಿ ಆಳ ಸಾಕು. ಮಣ್ಣಿನ ಹೆಂಟೆಯನ್ನು ಮುರಿದು ಒಳಗಿನ ಬಣ್ಣ ನೋಡಿ, ಮೂಸಿ ನೋಡಿ, ಬೇರಿನ ಸುತ್ತ ಏನಿದೆ ನೋಡಿ. ಮೇಲೆ ದಿಬ್ಬದ ತೋಟದಲ್ಲಿ ಅಷ್ಟೇ ಆಳ ಅಗೆದು ಪಕ್ಕಪಕ್ಕ ಇಟ್ಟು ಫೋಟೊ ತೆಗೆಯಿರಿ.

ಕೋಡಿಹಳ್ಳದವ (ಆಲೂರು)

ಅಗೆದೆ. ತೋಟದ ಮಣ್ಣು ನಮಗೆಲ್ಲ ಗೊತ್ತಿರುವ ಇಟ್ಟಿಗೆ ಕೆಂಪು, ಬೆರಳಲ್ಲಿ ಪುಡಿಯಾಗುತ್ತದೆ. ಹಡ್ಲಿನಲ್ಲಿ ಮೇಲಿನ ನಾಲ್ಕು ಬೆರಳು ಕಪ್ಪು, ಬರೀ ಕೊಳೆತ ಎಲೆ ಬೇರು. ಅದರ ಕೆಳಗೆ ಬೂದು, ಸ್ವಲ್ಪ ನೀಲಿ ತಿರುಗಿದ ಬೂದು, ಜೇಡಿಯಂತೆ ಅಂಟು. ಮುರಿದಾಗ ಜೊಂಡಿನ ಪ್ರತಿ ಬೇರಿಗೂ ತುಕ್ಕಿನ ಬಣ್ಣದ ತೆಳು ಕೊಳವೆ ಸುತ್ತಿಕೊಂಡಿತ್ತು, ಉಗುರಿನಿಂದ ಕೆರೆದರೆ ಕಿತ್ತಳೆ ಪುಡಿ ಬಂತು. ಕೊಳೆತ ಮೊಟ್ಟೆಯ ವಾಸನೆ. ಗುಂಡಿ ತೋಡಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ನೀರು ತುಂಬಿತು. ಗುಂಡಿಯ ಅಂಚಿನಲ್ಲಿ ಎರಡು ಏಡಿ.

ಮಣ್ಣುಮಸಿ (ಸಕಲೇಶಪುರ)

ಇದಕ್ಕಿಂತ ಸ್ಪಷ್ಟ ಬೇಡ. ಮಣ್ಣಿನ ಕೆಂಪು ಎಂದರೆ ಗಾಳಿ ತಾಗಿದ ಕಬ್ಬಿಣ. ವರ್ಷಗಟ್ಟಲೆ ನೀರು ನಿಂತು ಗಾಳಿ ಇಲ್ಲವಾದರೆ ಕಬ್ಬಿಣ ಕರಗಿ ಹೋಗಿ ಮಣ್ಣು ಬೂದಾಗುತ್ತದೆ. ಜೊಂಡು, ಭತ್ತ ಇವು ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತವೆ. ಆ ಬೇರಿನಿಂದ ಸೋರಿದ ಗಾಳಿ ಸುತ್ತಲಿನ ಕಬ್ಬಿಣವನ್ನು ಮತ್ತೆ ತುಕ್ಕು ಮಾಡುತ್ತದೆ, ನೀವು ಕಂಡ ಕೊಳವೆ ಅದು. ಬೇಸಿಗೆಯಲ್ಲಿ ಮೇಲೆ ಒಣಗಿದರೂ ಈ ಗುರುತು ಅಳಿಯುವುದಿಲ್ಲ. ಉಪಗ್ರಹ ಬಂದ ದಿನ ನೀರು ಕಾಣಲಿಲ್ಲ ಎಂದರೆ ಈ ಹೆಂಟೆಯನ್ನು ಮೇಜಿನ ಮೇಲೆ ಇಡಿ.

ಬೀರೂರು ಕಡೆಯವ

ಹೆಂಟೆ ಇಟ್ಟರೆ ಮೇಜು ಒರೆಸಲು ಹೇಳುತ್ತಾರೆ ಸರ್. ಅರ್ಜಿ ಇಡಬೇಕು, ಸ್ವೀಕೃತಿ ಪಡೆಯಬೇಕು.

ನಮ್ಮ ಕಡೂರು ತಾಲ್ಲೂಕಿನಲ್ಲೇ ಇನ್ನೊಂದು ದಾರಿಯ ಉದಾಹರಣೆ ಇದೆ. ಬಾಸೂರು ಅಮೃತಮಹಲ್ ಕಾವಲನ್ನು ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ಅದು ಹುಲ್ಲುಗಾವಲು, ಕೆರೆಯಲ್ಲ. ಆದರೆ ಅಂಕಸಮುದ್ರ, ಮಾಗಡಿ ಕೆರೆ ಎರಡೂ ರಾಮ್ಸಾರಿಗೆ ಹೋಗುವ ಮುಂಚೆ ಇದೇ ಬಗೆಯ ಮೀಸಲು ಪ್ರದೇಶಗಳಾಗಿದ್ದವು. ಜೌಗು ನಿಯಮದ ವ್ಯಾಖ್ಯಾನದ ಬಾಲ ಅಲ್ಲಿ ಅಡ್ಡ ಬರುವುದಿಲ್ಲ. ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯ ಪ್ರತಿನಿಧಿಗಳೂ ಇರಬೇಕು.

ವಕಾಲತ್ತು (ಹಾಸನ)

ಸರಿಯಾದ ಮಾತು. ಆದರೆ ಅದು ಸರ್ಕಾರಿ ಭೂಮಿಗೆ ಮಾತ್ರ. ಹಡ್ಲು ಪಟ್ಟಾ ಆಗಿದ್ದರೆ ಆಗುವುದಿಲ್ಲ. ಮೂರನೆಯ ದಾರಿ ಜೀವವೈವಿಧ್ಯ ಕಾಯ್ದೆ, 2002. ಚಿಕ್ಕಮಗಳೂರು ಜಿಲ್ಲೆಯ ಹೊಗರೇಕಾನು ಆ ಕಾಯ್ದೆಯಡಿ ಪಾರಂಪರಿಕ ತಾಣವಾಗಿದೆ. ಹನ್ನೆರಡು ಎಕರೆಗೆ ಅದು ದೂರದ ಮಾತು, ಆದರೆ ಅದೇ ಕಾಯ್ದೆಯಲ್ಲಿ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ದಾಖಲಾತಿ ಯಾವುದೋ ಬೀರುವಿನಲ್ಲಿ ಇರಬಹುದು. ತೆಗೆಸಿ ಓದಿ. ಅದರಲ್ಲಿ ಹಡ್ಲು, ಹತ್ತುಮೀನು, ಏಡಿ, ಒಂದೆಲಗ ಇಲ್ಲದಿದ್ದರೆ ಸೇರಿಸಲು ಸಮಿತಿಗೆ ಬರೆದು ಕೊಡಿ. ಮುಂದೆ ಯಾರು ಯಾವ ಕಚೇರಿಯಲ್ಲಿ "ಇಲ್ಲಿ ಏನೂ ಇಲ್ಲ" ಎಂದರೂ ಪಂಚಾಯಿತಿಯದೇ ಮೊಹರಿನ ಕಾಗದ ಕೈಯಲ್ಲಿರುತ್ತದೆ.

ಕೋಡಿಹಳ್ಳದವ (ಆಲೂರು)

ಎಲ್ಲರಿಗೂ ನಮಸ್ಕಾರ. ಆಕಾರಬಂದ್ ನಕಲು ಸಿಕ್ಕಿತು. ಕೆರೆಯ ಸರ್ವೆ ನಂಬರಿನ ವಿಸ್ತೀರ್ಣ ಒಂಬತ್ತು ಎಕರೆ ಹದಿನಾಲ್ಕು ಗುಂಟೆ ಎಂದಿದೆ. ಅಂದರೆ ಹಡ್ಲಿನ ಮುಕ್ಕಾಲು ಭಾಗ ಕೆರೆಯೇ, ಗದ್ದೆ ಮಾಡುತ್ತಿದ್ದವರು ಕೆರೆಯಂಗಳದಲ್ಲಿ ಮಾಡುತ್ತಿದ್ದರು. ಉಳಿದದ್ದು ಮೂರು ಮನೆಯವರ ತರಿ ಜಮೀನು, ಅದರಲ್ಲಿ ನಮ್ಮ ದೊಡ್ಡಪ್ಪನದೂ ಒಂದು. ಇದನ್ನು ಪಂಚಾಯಿತಿಯಲ್ಲಿ ತೋರಿಸಿದೆ. ಉದ್ಯಾನದ ಅಂದಾಜುಪಟ್ಟಿ ಮಾಡಿದವರು ಗ್ರಾಮ ನಕ್ಷೆ ನೋಡಿಯೇ ಇರಲಿಲ್ಲ. ಕೆರೆಯೊಳಗೆ ಮಣ್ಣು ತುಂಬಿ ಕೆರೆ ಅಭಿವೃದ್ಧಿ ಎಂದು ಬಿಲ್ಲು ಬರೆಯಲು ಈಗ ಅವರಿಗೂ ಧೈರ್ಯವಿಲ್ಲ. ಕಲ್ಲು ಕಟ್ಟುವ ಕೆಲಸ ಮಾತ್ರ ಏರಿಯ ಕಡೆ ನಡೆಯುತ್ತದಂತೆ, ಅದಕ್ಕೆ ನಮ್ಮ ಅಡ್ಡಿಯಿಲ್ಲ.

ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಈಗಲೇ ಅರ್ಜಿ ಹಾಕಲೇ, ಮಳೆ ಮುಗಿಯಲಿ ಎಂದು ಕಾಯಲೇ?

ಸರಪಣಿ (ನಿವೃತ್ತ ಭೂಮಾಪಕ, ಅರಸೀಕೆರೆ)

ಅರ್ಜಿ ಈಗಲೇ ಹಾಕಿ, ಸರದಿ ಬರುವಷ್ಟರಲ್ಲಿ ಮಳೆ ಮುಗಿದಿರುತ್ತದೆ. ಗಡಿಕಲ್ಲು ಹುಡುಕುವುದು ಫೆಬ್ರವರಿ ಮಾರ್ಚಿನಲ್ಲೇ ಆಗಬೇಕು, ಜೊಂಡು ಒಣಗಿ ಬಾಗಿದಾಗ. ಆದರೆ ನೀರಿನ ಗರಿಷ್ಠ ಮಟ್ಟದ ಗುರುತು ಪುಷ್ಯ, ಆಶ್ಲೇಷ ಮಳೆಗೆ ಮಾತ್ರ ಸಿಗುತ್ತದೆ. ಕೆರೆ ಕೋಡಿ ಬಿದ್ದ ದಿನ ಹಡ್ಲಿನ ಸುತ್ತ ನೀರಂಚಿಗೆ ಗೂಟ ಹೊಡೆದು, ತಾರೀಖು ಕಾಣುವಂತೆ ಫೋಟೊ ತೆಗೆದು, ಊರಿನ ನಾಲ್ಕು ಜನರ ಸಹಿ ಹಾಕಿಸಿ ಇಡಿ. ಪಕ್ಕದ ಮೂರು ಮನೆಯವರಿಗೆ ನೋಟಿಸು ಹೋಗುವ ಮುಂಚೆ ನೀವೇ ಹೋಗಿ ಹೇಳಿ. ನಿಮ್ಮ ದೊಡ್ಡಪ್ಪನಿಗೆ ಮೊದಲು.

ಮೂಡಿಗೆರೆ ತೋಟದವ

ದೊಡ್ಡಪ್ಪ ಏನೆಂದರು ಎಂದು ಇಲ್ಲಿ ಬರೆಯಿರಿ. ನನಗೆ ಅಷ್ಟು ಗೊತ್ತಾದರೆ ಸಾಕು.